ಟೊಬೇಗೋದಿಂದ ಕ್ಯಾಂಪ್‌ಬೆಲ್‌ಟೌನ್‌ಗೆ: ಡ್ವೈಟ್ ಯಾರ್ಕ್ ಎಂಬ ವಲಸಿಗ



ಸಾಹಿತ್ಯದ ಕೂಟಕ್ಕೂ ಫುಟ್‌ಬಾಲಿಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಹುಬ್ಬೇರಿಸಬಹುದು. ನಮ್ಮದು ಕ್ರಿಕೆಟ್ಟಿನ ಜನ. ಚಿನ್ನಸ್ವಾಮಿ ಕ್ರೀಡಾಂಗಣದ ಗಲಾಟೆಯನ್ನು ಎದೆಯಲ್ಲಿ ಹೊತ್ತು ಸಿಡ್ನಿಗೆ ಬಂದವರು. ಆದರೆ ನಮ್ಮ ಮನೆಗಳ ಪಕ್ಕದಲ್ಲೇ, ನಗರದ ನೈಋತ್ಯ ಮೂಲೆಯ ಕ್ಯಾಂಪ್‌ಬೆಲ್‌ಟೌನ್‌ನಲ್ಲಿ, 2022ರಲ್ಲಿ ಒಬ್ಬ ಮನುಷ್ಯ ಕೆಲವು ತಿಂಗಳು ತಂಡವೊಂದನ್ನು ಪಳಗಿಸಿ ಹೋದ. ಅವನ ಕಥೆ ಓದುತ್ತ ಹೋದಂತೆ ಇದು ಆಟದ ಕಥೆಗಿಂತ ಹೆಚ್ಚಾಗಿ ಊರು ಬಿಟ್ಟವರ ಕಥೆ ಅನ್ನಿಸಿತು. ಅದಕ್ಕೇ ಈ ಬರಹ.

ಡ್ವೈಟ್ ಯಾರ್ಕ್ ಹುಟ್ಟಿದ್ದು 1971ರ ನವೆಂಬರ್ 3ರಂದು, ಟೊಬೇಗೋ ದ್ವೀಪದ ಕೇನನ್ ಎಂಬ ಹಳ್ಳಿಯಲ್ಲಿ. ಟ್ರಿನಿಡಾಡ್ ಎಂದರೆ ಕಬ್ಬಿನ ತೋಟಕ್ಕೆ ಹಡಗು ಹತ್ತಿಹೋದ ಭಾರತೀಯರ ಮೊಮ್ಮಕ್ಕಳ ನಾಡು ಎಂದು ನಮಗೆ ಗೊತ್ತು. ಪಕ್ಕದ ಟೊಬೇಗೋ ಹಾಗಲ್ಲ. ಅಲ್ಲಿರುವವರು ಹೆಚ್ಚಾಗಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ. ಯಾರ್ಕ್ ಮನೆಯಲ್ಲಿ ಮಕ್ಕಳು ಒಂಬತ್ತು, ದುಡ್ಡು ಕಮ್ಮಿ. ಅಣ್ಣ ಕ್ಲಿಂಟ್ ಯಾರ್ಕ್ ಟ್ರಿನಿಡಾಡ್ ಪರವಾಗಿ ಕ್ರಿಕೆಟ್ ಆಡಿದವನು. ತಮ್ಮನ ಕಾಲಿಗೆ ಒಲಿದದ್ದು ಬೇರೆ ಚೆಂಡು. ಆ ಕಾಲನ್ನು ಗುರುತಿಸಿದವರು ಸಿಗ್ನಲ್ ಹಿಲ್ ಶಾಲೆಯ ತರಬೇತುದಾರ ಬರ್ಟಿಲ್ ಸೇಂಟ್ ಕ್ಲೇರ್. ಗುರು ಎಂಬ ಮಾತನ್ನು ನಾವು ಯಾವ ಅರ್ಥದಲ್ಲಿ ಬಳಸುತ್ತೇವೋ ಆ ಅರ್ಥದಲ್ಲೇ ಗುರು.

1989ರಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ತಂಡ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಬಂತು. ಹದಿನೇಳರ ಹುಡುಗನ ಆಟ ಕಂಡ ಮ್ಯಾನೇಜರ್ ಗ್ರಹಾಂ ಟೇಲರ್ ಅವನನ್ನು ಬರ್ಮಿಂಗ್‌ಹ್ಯಾಮ್‌ಗೆ ಕರೆಸಿಕೊಂಡರು. ಸಮುದ್ರದಂಡೆಯ ಹುಡುಗ ಇಂಗ್ಲೆಂಡಿನ ಚಳಿಗೆ ಬಂದು ಬಿದ್ದ. ಮೊದಲ ಚಳಿಗಾಲ ಅಂದರೆ ಏನೆಂದು ನಮ್ಮಲ್ಲಿ ಲಂಡನ್ನಿನ ಮೇಲೆ ಹಾದು ಇಲ್ಲಿಗೆ ಬಂದವರಿಗೆ ಹೇಳಬೇಕಾಗಿಲ್ಲ!

ಅದೇ ವರ್ಷ ನವೆಂಬರ್ 19ರಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಡೆದದ್ದು ಆ ದೇಶ ಇಂದಿಗೂ ಮರೆಯದ ಪಂದ್ಯ. ಅಮೆರಿಕದ ವಿರುದ್ಧ ಒಂದು ಡ್ರಾ ಸಾಕಿತ್ತು, ವಿಶ್ವಕಪ್ಪಿಗೆ ಹೋಗಲು. ಊರಿಗೆ ಊರೇ ಕೆಂಪು ಬಟ್ಟೆ ತೊಟ್ಟು ಕೂತಿತ್ತು. ಪಾಲ್ ಕಲಿಜುರಿ ದೂರದಿಂದ ಒದ್ದ ಒಂದೇ ಚೆಂಡು ಎಲ್ಲವನ್ನೂ ಮುಗಿಸಿತು. 0-1. ಮೈದಾನದಲ್ಲಿದ್ದ ಯಾರ್ಕ್‌ಗೆ ಆಗಷ್ಟೇ ಹದಿನೆಂಟು. ಸೋತ ಮೇಲೂ ಪ್ರೇಕ್ಷಕರು ತೋರಿದ ಘನತೆಗೆ ಫಿಫಾ ಆ ವರ್ಷದ ಫೇರ್ ಪ್ಲೇ ಪ್ರಶಸ್ತಿಯನ್ನು ಅವರಿಗೇ ಕೊಟ್ಟಿತು. ಗೌರವ ಸಿಕ್ಕಿತು, ವಿಶ್ವಕಪ್ ಸಿಗಲಿಲ್ಲ.

ಮುಂದಿನದು ಬಹುಪಾಲು ನಿಮಗೆ ಗೊತ್ತು, ಬೇಗ ಹೇಳಿ ಮುಗಿಸುತ್ತೇವೆ. ವಿಲ್ಲಾ ಪರ ಒಂಬತ್ತು ವರ್ಷ. 1996ರ ಲೀಗ್ ಕಪ್ ಫೈನಲ್‌ನಲ್ಲಿ ಲೀಡ್ಸ್ ವಿರುದ್ಧ 3-0 ಗೆಲುವು, ಅದರಲ್ಲೊಂದು ಗೋಲು ಯಾರ್ಕ್‌ದು. (ನಡುವೆ 1994ರಲ್ಲಿ ಅದೇ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಮೈದಾನದಲ್ಲಿ ಅವನ ಗೆಳೆಯನೊಬ್ಬ 501 ರನ್ ಹೊಡೆದು ಅಜೇಯನಾಗಿ ಉಳಿದ. ಹೌದು, ಬ್ರಯಾನ್ ಲಾರಾ! ಒಂದೇ ಪುಟ್ಟ ದೇಶದ ಇಬ್ಬರು ಹುಡುಗರು, ಒಂದೇ ಪರ ಊರು.) 1998ರಲ್ಲಿ 12.6 ಮಿಲಿಯನ್ ಪೌಂಡ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್. ಮೊದಲ ವರ್ಷವೇ ಆ್ಯಂಡಿ ಕೋಲ್ ಜೊತೆಗಿನ ಜೋಡಿ, ಲೀಗ್‌ನಲ್ಲಿ 18 ಗೋಲು, ಲೀಗ್, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್ ಮೂರೂ ಕೈಗೆ. ಸದಾ ನಗುವ ಮುಖ ಅವನ ಗುರುತಾಯಿತು.

ನಮ್ಮ ಸಿಡ್ನಿಗೆ ಅವನು ಮೊದಲು ಬಂದದ್ದು 2005ರಲ್ಲಿ, ಎ-ಲೀಗ್ ಹುಟ್ಟಿದ ವರ್ಷ. ಸಿಡ್ನಿ ಎಫ್‌ಸಿಯ ಕೋಚ್ ಪಿಯರ್ ಲಿಟ್‌ಬಾರ್ಸ್ಕಿ ಅವನನ್ನು ಗೋಲು ಹೊಡೆಯುವ ಜಾಗದಿಂದ ಹಿಂದಕ್ಕೆ, ಮೈದಾನದ ನಡುವಿಗೆ ತಂದರು. ಓಟ ಕಮ್ಮಿಯಾದ ಕಾಲಕ್ಕೆ ಕಣ್ಣು ಕೆಲಸ ಮಾಡತೊಡಗಿತು. 2006ರ ಮಾರ್ಚ್ 5ರ ಫೈನಲ್‌ನಲ್ಲಿ ಸ್ಟೀವ್ ಕೊರಿಕಾಗೆ ಚೆಂಡು ತಲುಪಿಸಿದ್ದು ಅವನೇ. ಅದೊಂದೇ ಗೋಲು, ಸಿಡ್ನಿಗೆ ಕಿರೀಟ. ಆಡುವವನು ಆಡಿಸುವವನಾಗುವ ಮೊದಲ ಪಾಠ ಅವನಿಗೆ ಇಲ್ಲೇ ಆಯಿತೆಂದು ನಮ್ಮ ಊಹೆ.

ಅದಕ್ಕೂ ಮೊದಲು, 2005ರ ನವೆಂಬರ್ 16ರಂದು, ಬಹರೇನಿನ ಮನಾಮಾದಲ್ಲಿ ಹಳೆಯ ಸಾಲ ತೀರಿತ್ತು. ಡೆನಿಸ್ ಲಾರೆನ್ಸ್ ತಲೆಯಿಂದ ಹೊಡೆದ ಗೋಲಿಗೆ ಟ್ರಿನಿಡಾಡ್ ಮತ್ತು ಟೊಬೇಗೋ ವಿಶ್ವಕಪ್ಪಿಗೆ ಹೋಯಿತು. ಅಲ್ಲಿಯವರೆಗೆ ಅಷ್ಟು ಕಡಿಮೆ ಜನಸಂಖ್ಯೆಯ ದೇಶ ಅಲ್ಲಿಗೆ ಹೋಗಿರಲಿಲ್ಲ. ಅಭಿಯಾನ ಶುರುವಾದಾಗ ಕೋಚ್ ಆಗಿದ್ದವರು ಅದೇ ಹಳ್ಳಿ ಗುರು ಸೇಂಟ್ ಕ್ಲೇರ್. ನಡುವೆ ಅವರನ್ನು ತೆಗೆದು ಡಚ್ಚರ ಲಿಯೋ ಬೇನ್‌ಹಾಕರ್ ಅವರನ್ನು ತಂದರು. ಹಿತ್ತಲ ಗಿಡ ಮದ್ದಲ್ಲ ಎಂಬುದು ಕೆರಿಬಿಯನ್ನಿಗೂ ಗೊತ್ತಿರುವ ಗಾದೆಯೋ ಏನೋ! ಮದ್ದು ಕೆಲಸ ಮಾಡಿತು, ಅದನ್ನೂ ಒಪ್ಪಬೇಕು. 2006ರ ಜೂನ್ 10ರಂದು ಡಾರ್ಟ್‌ಮುಂಡ್‌ನಲ್ಲಿ, ದ್ವಿತೀಯಾರ್ಧದುದ್ದಕ್ಕೂ ಹತ್ತೇ ಜನ ಉಳಿದರೂ, ನಾಯಕ ಯಾರ್ಕ್ ತಂಡ ಸ್ವೀಡನ್ನನ್ನು 0-0ಗೆ ತಡೆಯಿತು.

ಇಲ್ಲಿಂದ ಮುಂದಿನದೇ ನಮ್ಮನ್ನು ಕಾಡಿದ ಭಾಗ. ಆಟ ಬಿಟ್ಟ ಮೇಲೆ ಯಾರ್ಕ್ ತರಬೇತುದಾರನಾಗಲು ಬಯಸಿದ. 2009ರಲ್ಲಿ ಗೆಳೆಯ ರಸೆಲ್ ಲಟಾಪಿ ದೇಶದ ತಂಡದ ಕೋಚ್ ಆದಾಗ ಇವನು ಸಹಾಯಕ. ಆಮೇಲೆ ವರ್ಷಗಟ್ಟಲೆ ಖಾಲಿ. ತನ್ನಂಥವರಿಗೆ ಇಂಗ್ಲೆಂಡಿನಲ್ಲಿ ಸಂದರ್ಶನಕ್ಕೂ ಕರೆ ಬರುವುದಿಲ್ಲವೆಂದು ಅವನೇ ಪತ್ರಿಕೆಗಳೆದುರು ಬಾಯಿಬಿಟ್ಟು ಹೇಳಿದ. ಇದು ಒಬ್ಬನ ಗೊಣಗಾಟವಲ್ಲ. 1960ರಲ್ಲಿ ರಾಚ್‌ಡೇಲ್‌ನ ಟೋನಿ ಕಾಲಿನ್ಸ್, 1993ರಲ್ಲಿ ಲಿಂಕನ್ ಸಿಟಿಯ ಕೀತ್ ಅಲೆಕ್ಸಾಂಡರ್. ಇಂಗ್ಲಿಷ್ ಲೀಗಿನಲ್ಲಿ ಕಪ್ಪು ಮ್ಯಾನೇಜರುಗಳ ಆರಂಭದ ಹೆಸರುಗಳ ನಡುವೆ ದಶಕಗಳ ಕಂದಕವಿದೆ. ಮೈದಾನದೊಳಗೆ ಬಿಟ್ಟುಕೊಂಡವರು ಮೇಜಿನ ಬಳಿ ಕುರ್ಚಿ ಹಾಕಲು ಅಷ್ಟು ಹೊತ್ತು ತೆಗೆದುಕೊಂಡರು. ಆಫೀಸುಗಳಲ್ಲಿ ಕೆಲಸಕ್ಕೆ ಬೇಕಾಗಿ, ಮುಂದಾಳ್ತನಕ್ಕೆ ಬೇಡವಾದ ಅನುಭವ ನಮ್ಮಲ್ಲೂ ಕೆಲವರಿಗಿದೆ. ಆದ್ದರಿಂದ ಈ ಸಾಲುಗಳನ್ನು ತುಸು ನಿಧಾನವಾಗಿ ಬರೆಯುತ್ತಿದ್ದೇವೆ.

ಇನ್ನೊಂದು ಘಟನೆ. 2017ರ ಫೆಬ್ರವರಿಯಲ್ಲಿ ಕತಾರಿನಿಂದ ಮಯಾಮಿ ಮೂಲಕ ತಾಯ್ನಾಡಿಗೆ ಹೊರಟಿದ್ದ ಅವನನ್ನು ದೋಹಾದಲ್ಲಿ ವಿಮಾನ ಹತ್ತಲು ಬಿಡಲಿಲ್ಲ. ಕಾರಣ, ಪಾಸ್‌ಪೋರ್ಟಿನಲ್ಲಿದ್ದ ಇರಾನಿನ ಒಂದು ಮುದ್ರೆ. ಹಿಂದೊಮ್ಮೆ ಪ್ರದರ್ಶನ ಪಂದ್ಯ ಆಡಲು ಹೋಗಿದ್ದಾಗ ಬಿದ್ದದ್ದು. ಯುರೋಪಿನ ಕಪ್ ಎತ್ತಿದ ಕೈಯಾದರೇನು, ಕೌಂಟರಿನ ಮುಂದೆ ಎಲ್ಲರೂ ಒಂದು ಪುಸ್ತಕ, ಒಂದು ಮುದ್ರೆ ಅಷ್ಟೆ.

ಕೊನೆಗೂ ಮುಖ್ಯ ತರಬೇತುದಾರನ ಮೊದಲ ಕೆಲಸ ಕೊಟ್ಟದ್ದು ಇಂಗ್ಲೆಂಡಲ್ಲ, ನಮ್ಮ ಕ್ಯಾಂಪ್‌ಬೆಲ್‌ಟೌನ್. 2022ರ ಜುಲೈನಲ್ಲಿ ಮೆಕಾರ್ಥರ್ ಎಫ್‌ಸಿ ಅವನನ್ನು ನೇಮಿಸಿತು. 2020-21ರಲ್ಲಷ್ಟೇ ಲೀಗಿಗೆ ಕಾಲಿಟ್ಟ ಕೂಸು ಅದು. ಮೂರೇ ತಿಂಗಳೊಳಗೆ, ಅಕ್ಟೋಬರ್ 1ರಂದು ಪ್ಯಾರಾಮಟ್ಟಾದಲ್ಲಿ, ಸಿಡ್ನಿ ಯುನೈಟೆಡ್ 58 ತಂಡವನ್ನು 2-0ರಿಂದ ಸೋಲಿಸಿ ಆಸ್ಟ್ರೇಲಿಯಾ ಕಪ್ ಗೆದ್ದಿತು. ಕ್ಲಬ್ಬಿನ ಮೊಟ್ಟಮೊದಲ ಪ್ರಶಸ್ತಿ!

ಆ ಸಂಜೆಗೊಂದು ಕಪ್ಪು ಚುಕ್ಕೆಯೂ ಇದೆ. ಎದುರಾಳಿ ಕ್ಲಬ್ ಕಟ್ಟಿದವರೂ ವಲಸಿಗರೇ, 1958ರಲ್ಲಿ ಕ್ರೊಯೇಷಿಯಾದ ಜನ. ಆ ದಿನ ಪ್ರೇಕ್ಷಕರಲ್ಲಿ ಕೆಲವರು ನಾಜಿ ಸೆಲ್ಯೂಟ್ ಹೊಡೆದರು, ಮೂಲನಿವಾಸಿಗಳ ಸ್ವಾಗತ ವಿಧಿಗೆ ಅಡ್ಡಿಪಡಿಸಿದರು. ಫುಟ್‌ಬಾಲ್ ಮಂಡಳಿ ಆಮೇಲೆ ಶಿಕ್ಷೆ ವಿಧಿಸಿತು. ತಾಯ್ನಾಡಿನ ಗಂಟಿನಲ್ಲಿ ಏನನ್ನು ಕಟ್ಟಿಕೊಂಡು ಬರಬೇಕು, ಏನನ್ನು ಅಲ್ಲೇ ಬಿಡಬೇಕು ಎಂಬುದು ಕನ್ನಡ ಸಂಘಗಳಿಗೂ ಕೇಳಿಕೊಳ್ಳಬೇಕಾದ ಪ್ರಶ್ನೆಯೇ.

ಗೆಲುವಿನ ಸಂಭ್ರಮ ಹೆಚ್ಚು ದಿನ ಬಾಳಲಿಲ್ಲ. ಮೆಕಾರ್ಥರ್ ತಂಡದ ಅಡ್ಡಹೆಸರು ಬುಲ್ಸ್, ಅಂದರೆ ಗೂಳಿಗಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಕೋಚಿಗೂ ಕ್ಲಬ್ಬಿಗೂ ಹೊಂದಿಕೆಯಾಗಲಿಲ್ಲ. 2023ರ ಜನವರಿಯಲ್ಲಿ, ಋತುವಿನ ನಡುವೆಯೇ, ಅವನು ಹೊರನಡೆದ. ತಪ್ಪು ಒಂದೇ ಕಡೆಯದೆಂದು ನಾವು ಹೇಳಲಾರೆವು. ತಾನು ಬೆಳೆದ ಅಂಗಳದ ಅಳತೆಗೋಲನ್ನು ಎಲ್ಲ ಕಡೆಗೂ ಹಿಡಿಯುವುದು ದೊಡ್ಡ ಆಟಗಾರರ ಹಳೆಯ ಕಾಯಿಲೆ.

2024ರ ನವೆಂಬರಿನಲ್ಲಿ ಕರೆ ಬಂದದ್ದು ತಾಯ್ನಾಡಿನಿಂದ. ಟ್ರಿನಿಡಾಡ್ ಮತ್ತು ಟೊಬೇಗೋ ತಂಡದ ಹೊಣೆ, 2026ರ ವಿಶ್ವಕಪ್ಪಿನ ಗುರಿ. 2025ರ ನವೆಂಬರಿನಲ್ಲಿ ಆ ಕನಸು ಮುರಿಯಿತು. ಗುಂಪಿನಿಂದ ಮೇಲೆ ಹೋದದ್ದು ಕುರಸಾವ್, ಸುಮಾರು ಒಂದೂವರೆ ಲಕ್ಷ ಜನರ ದ್ವೀಪ! ಒಂದು ಕಾಲಕ್ಕೆ ಯಾರ್ಕ್‌ನ ದೇಶದ ಹೆಸರಿನಲ್ಲಿದ್ದ, ಆಮೇಲೆ ಐಸ್‌ಲ್ಯಾಂಡಿಗೆ ಹೋಗಿದ್ದ ‘ಅತಿ ಪುಟ್ಟ ದೇಶ’ ಎಂಬ ದಾಖಲೆಯನ್ನು ಅದು ತನ್ನದಾಗಿಸಿಕೊಂಡಿತು.

ಟೊಬೇಗೋದ ಬಕೊಲೆಟ್‌ನಲ್ಲಿ ಅವನ ಹೆಸರಿನದೇ ಒಂದು ಕ್ರೀಡಾಂಗಣವಿದೆ. ಆಟಗಾರನಾಗಿ ಪಡೆದದ್ದು ಅದು. ತರಬೇತುದಾರನಾಗಿ ಅವನ ಹೆಸರಿಗಿರುವ ಕಪ್ ಸಿಕ್ಕಿದ್ದು ಮಾತ್ರ ಇಲ್ಲಿ, ನಾವು ದಿನಾ ರೈಲು ಬದಲಾಯಿಸುವ ಪ್ಯಾರಾಮಟ್ಟಾದಲ್ಲಿ. ಹುಟ್ಟಿದ ಊರು ಒಂದು, ಬೆಳೆಸಿದ ಊರು ಇನ್ನೊಂದು, ನಂಬಿ ಕೆಲಸ ಕೊಟ್ಟ ಊರು ಮತ್ತೊಂದು. ಇವುಗಳಲ್ಲಿ ಯಾವುದನ್ನು ನಮ್ಮೂರು ಅನ್ನಬೇಕು? ನಮ್ಮ ಕೂಟದಲ್ಲಿ ಇದಕ್ಕೆ ಒಮ್ಮತದ ಉತ್ತರ ಸಿಕ್ಕಿಲ್ಲ. ನಿಮ್ಮದೇನೆಂದು ಬರೆದು ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.