ಚಿಲಿಂಬಿಯ ಶಾಲೆ

ಮುಂಬಯಿಯ ಪರೇಲಿನಲ್ಲಿ 1906ನೆಯ ಅಕ್ಟೋಬರ್ 18ರಂದು, ಅಸ್ಪೃಶ್ಯರೆಂದು ಸಮಾಜವು ದೂರವಿಟ್ಟಿದ್ದವರ ಮಕ್ಕಳಿಗಾಗಿ ಒಂದು ಶಾಲೆಯು ತೆರೆಯಿತು. ಅದನ್ನು ತೆರೆದವರು ಪ್ರಾರ್ಥನಾ ಸಮಾಜದ ವಿಠ್ಠಲ ರಾಮಜಿ ಶಿಂದೆಯವರು. ಆ ಕಾರ್ಯಕ್ಕಾಗಿಯೇ ಹುಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸೊಸೈಟಿಯ ಅಧ್ಯಕ್ಷರು ನಾರಾಯಣ ಗಣೇಶ ಚಂದಾವರಕರರು. ಶಿಂದೆಯವರ ಹುಟ್ಟೂರು ಜಮಖಂಡಿ, ಚಂದಾವರಕರರದು ಹೊನ್ನಾವರ. ಇಬ್ಬರೂ ಕನ್ನಡ ನೆಲದಿಂದ ಬಂದವರೆಂಬುದನ್ನು ಈ ನಗರದ ನಮ್ಮವರು ಆಗಾಗ ಅಭಿಮಾನದಿಂದ ನೆನೆಯುವುದುಂಟು. ಆದರೆ ಪರೇಲಿನ ಶಾಲೆಗೆ ಹದಿನಾಲ್ಕು ವರ್ಷ ಮೊದಲೇ, 1892ರಲ್ಲಿ, ಮಂಗಳೂರಿನ ಉರ್ವ-ಚಿಲಿಂಬಿಯಲ್ಲಿ ಅಂಥದೇ ಒಂದು ಪ್ರಾಥಮಿಕ ಶಾಲೆ ಆರಂಭವಾಗಿತ್ತು. ಅದನ್ನು ನಡೆಸಿದ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಹೆಸರಿನ ಸಂಸ್ಥೆಯನ್ನೂ ಕಟ್ಟಿದ್ದರು. ಈ ಸಂಗತಿ ಕರಾವಳಿಯಿಂದ ಇಲ್ಲಿಗೆ ಬಂದು ನೆಲೆಸಿದವರಲ್ಲಿಯೂ ಎಷ್ಟು ಮಂದಿಗೆ ತಿಳಿದಿದೆಯೋ ಹೇಳಲಾರೆ.

ಚಿಲಿಂಬಿಯ ಶಾಲೆಯ ಅರ್ಥವನ್ನು ತಿಳಿಯಬೇಕಾದರೆ ಮೊದಲು ಧಾರವಾಡದ ಒಂದು ಪ್ರಕರಣವನ್ನು ನೋಡಬೇಕು. 1856ನೆಯ ಜೂನ್ ತಿಂಗಳಿನಲ್ಲಿ ಮಹಾರ ಜಾತಿಯ ಒಬ್ಬ ಹುಡುಗನು, ಶುಲ್ಕ ಕೊಡಲು ಸಿದ್ಧನಿದ್ದರೂ ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ದೊರೆಯದೆ, ಮುಂಬಯಿ ಸರಕಾರಕ್ಕೆ ಮನವಿ ಮಾಡಿಕೊಂಡನು. ನ್ಯಾಯವು ಅರ್ಜಿದಾರನ ಪಕ್ಷದಲ್ಲಿದೆಯೆಂದು ಸರಕಾರವು ಒಪ್ಪಿತು. ಒಪ್ಪಿಯೂ, ಇವನೊಬ್ಬನಿಗಾಗಿ ಶಾಲೆಯನ್ನು ಉಳಿದವರೆಲ್ಲರ ಪಾಲಿಗೆ ನಿರುಪಯುಕ್ತವಾಗಿ ಮಾಡಲಾಗದೆಂದು ಹೇಳಿ ಅವನನ್ನು ಹೊರಗೆಯೇ ನಿಲ್ಲಿಸಿತು. ಭಾರತ ಸರಕಾರವು ಇದಕ್ಕೆ ಆಕ್ಷೇಪವೆತ್ತಿತು. 1858ರಲ್ಲಿ ಲಂಡನ್ನಿನ ಕಂಪೆನಿ ನಿರ್ದೇಶಕರು, ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ಮುಕ್ತವೆಂದು ತಿಳಿಸಿದರು. ತತ್ತ್ವವು ಗೆದ್ದಿತು. 1882ರ ಹಂಟರ್ ಆಯೋಗವು ಅದೇ ತತ್ತ್ವವನ್ನು ಎತ್ತಿ ಹಿಡಿಯಿತಾದರೂ, ಈ ಮಕ್ಕಳ ಸಂಖ್ಯೆ ಸಾಕಷ್ಟಿರುವೆಡೆಗಳಲ್ಲಿ ಪ್ರತ್ಯೇಕ ಶಾಲೆಗಳಿಗೆ ಉದಾರವಾಗಿ ಪ್ರೋತ್ಸಾಹ ಕೊಡಬೇಕೆಂದೂ ಶಿಫಾರಸು ಮಾಡಿತು. ಕಾಲು ಶತಮಾನ ಕಳೆದ ಮೇಲೂ ಪ್ರತ್ಯೇಕ ಶಾಲೆಯ ಮಾತನ್ನು ಎತ್ತಬೇಕಾಗಿ ಬಂದುದರಿಂದಲೇ ಆ ತತ್ತ್ವವು ಎಷ್ಟು ಬಾಗಿಲುಗಳನ್ನು ತೆರೆದಿತ್ತೆಂಬುದನ್ನು ಊಹಿಸಬಹುದು.

ಮಂಗಳೂರು ಬೇರೆ ಇಲಾಖೆಗೆ ಸೇರಿದ್ದಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿಗೆ ಹೋದರೂ ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಅಲ್ಲಿಯ ಸರಕಾರವು ಪಂಚಮರ ಶಿಕ್ಷಣದ ಬಗೆಗೆ ತನ್ನ ವಿಶೇಷ ಆದೇಶವನ್ನು ಹೊರಡಿಸಿದುದು 1893ರಲ್ಲಿ, ಎಂದರೆ ಚಿಲಿಂಬಿಯ ಶಾಲೆ ಹುಟ್ಟಿದ ಮರುವರ್ಷ. ರಂಗರಾಯರು ಆದೇಶಕ್ಕಾಗಿ ಕಾಯಲಿಲ್ಲ.

ಅವರು 1859ರಲ್ಲಿ ಕಾಸರಗೋಡಿನ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿ, ಮಂಗಳೂರಿಗೆ ಬಂದು ಮೊದಲು ಉಪಾಧ್ಯಾಯರಾಗಿ, ಬಳಿಕ ವಕೀಲರಾಗಿ ನೆಲೆ ನಿಂತವರು. ಉಳ್ಳಾಲ ರಘುನಾಥಯ್ಯನವರ ಮುಂದಾಳುತನದಲ್ಲಿ ಅಲ್ಲಿ ಬೆಳೆದಿದ್ದ ಬ್ರಹ್ಮ ಸಮಾಜವು ಅವರನ್ನು ಸೆಳೆಯಿತು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದಂದಿನಿಂದ ಆ ಊರಿಗೆ ಶಾಲೆಯೆಂಬುದು ಹೊಸದಾಗಿರಲಿಲ್ಲ. ಹೊಸದಾದುದು, ಮತಾಂತರದ ಮಾತೇ ಇಲ್ಲದೆ, ಮೇಲ್ಜಾತಿಯ ಹಿಂದುವೊಬ್ಬನು ಈ ಮಕ್ಕಳನ್ನು ಕರೆದು ಕೂರಿಸಿದುದು. ಅದಕ್ಕೆ ಪ್ರತಿಯಾಗಿ ಅವರ ಜಾತಿಯವರು ವಿಧಿಸಿದ ಬಹಿಷ್ಕಾರದ ಕಥೆಗಳು ಇಂದಿಗೂ ಜಿಲ್ಲೆಯಲ್ಲಿ ಪ್ರಚಲಿತವಾಗಿವೆ. ಕಲಿಸಲು ಬರುವ ಉಪಾಧ್ಯಾಯರೇ ಸಿಗದೆ ಕೊನೆಗೆ ಕ್ರೈಸ್ತ ಉಪಾಧ್ಯಾಯರನ್ನು ಆಶ್ರಯಿಸಬೇಕಾಯಿತೆಂದೂ ಹೇಳುತ್ತಾರೆ.

ಆದರೆ ಶಾಲೆಗೆ ಬಂದ ನಿಜವಾದ ಕಷ್ಟ ಊರವರ ಮುನಿಸಿಗಿಂತ ಆಳವಾದುದೆಂದು ನನ್ನ ಭಾವನೆ. ತುಳುನಾಡಿನ ಬೇಸಾಯವು ಮೂಲದಾಳುಗಳ ಬೆನ್ನಿನ ಮೇಲೆ ನಿಂತಿದ್ದಿತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕನನ್ನನು ಇವರನ್ನು ಗುಲಾಮರೆಂದೇ ಬರೆದಿದ್ದಾನೆ. 1843ರ ಐದನೆಯ ಕಾಯಿದೆಯಿಂದ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆ ತಪ್ಪಿತು. ಆದರೆ ಧನಿಯ ನೆಲದ ಮೇಲಿನ ಗುಡಿಸಲು, ಧನಿಯಿಂದ ಪಡೆದ ಸಾಲ, ಧನಿಯ ಕೊಟ್ಟಿಗೆಯ ಕೆಲಸ, ಇವು ಯಾವುವೂ ತಪ್ಪಲಿಲ್ಲ. ಇಂಥ ಮನೆಯ ಎಂಟು ವರ್ಷದ ಹುಡುಗ ದನ ಕಾಯುವವನು, ಸೊಪ್ಪು ತರುವವನು. ಅವನು ಶಾಲೆಗೆ ಹೋದನೆಂದರೆ ಮನೆಯ ಗಂಜಿಯಲ್ಲಿ ಅಷ್ಟು ಕಡಿಮೆಯಾಯಿತೆಂದೇ ಲೆಕ್ಕ. ಕಂಪೆನಿ ನಿರ್ದೇಶಕರು ಬಾಗಿಲನ್ನು ತೆರೆಯಿರೆಂದು ಬರೆದರು. ಬಾಗಿಲಿನವರೆಗೆ ಬರುವ ಮಗುವಿನ ಹೊಟ್ಟೆಯ ವಿಚಾರ ಅವರ ಪತ್ರದಲ್ಲಿ ಇರಲಿಲ್ಲ.

ರಂಗರಾಯರು ಈ ಲೆಕ್ಕವನ್ನು ಮಾಡಿದರು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಪದ್ಧತಿಯನ್ನಿಟ್ಟರು. ಮಧ್ಯಾಹ್ನದ ಊಟವನ್ನೂ ಒದಗಿಸಿದರು. ವಿದ್ಯೆಗೆ ಲಂಚವೇ ಎಂದು ಹಳಿಯುವವರು ಹಳಿಯಲಿ; ಅದು ಲಂಚವಲ್ಲ, ಮಗುವಿನ ದುಡಿಮೆಗೆ ಸಲ್ಲಬೇಕಾದ ಬದಲಿ. ಓದಿದ ಮೇಲೆ ಏನು ಎಂಬ ಪ್ರಶ್ನೆಗೆ ನೇಯ್ಗೆ ಮತ್ತು ಬಡಗಿ ಕೆಲಸದ ತರಬೇತಿಯು ಉತ್ತರವಾಯಿತು. ಧನಿಯ ನೆಲದಿಂದ ಎದ್ದು ಹೋಗೆಂದರೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಮನೆನಿವೇಶನಗಳು ಉತ್ತರವಾದವು. ಕೋಡಿಯಾಲಬೈಲಿನ ಶೇಡಿಗುಡ್ಡೆಯು ಮಿಶನಿನ ನೆಲೆಯಾಯಿತು. ಅಲ್ಲಿ ಹೆಣ್ಣುಮಕ್ಕಳಿಗೆ ವಸತಿಯ ಏರ್ಪಾಡೂ ಆಯಿತು. ನಗರದ ಬೇರೆ ಭಾಗಗಳಲ್ಲಿಯೂ ಜಿಲ್ಲೆಯ ಇತರ ಊರುಗಳಲ್ಲಿಯೂ ಶಾಲೆಗಳು ಹುಟ್ಟಿಕೊಂಡವು. ಒಂದು ಪ್ರಾಥಮಿಕ ಶಾಲೆಯನ್ನು ನಡೆಸಲು ಹೊರಟವರು ಊಟ, ಕೂಲಿ, ಕಸುಬು, ನೆಲ ಇಷ್ಟನ್ನೂ ಹೊತ್ತುಕೊಳ್ಳಬೇಕಾಯಿತು.

ಇಲ್ಲಿ ಭಾಷೆಯ ವಿಚಾರವಾಗಿ ಒಂದು ಮಾತು. ನಮ್ಮ ಸಂಘಗಳ ಸಭೆಗಳಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಕೊಂಡಾಡುತ್ತೇವೆ. ಚಿಲಿಂಬಿಯ ಮಕ್ಕಳ ಮನೆಮಾತು ತುಳು. ಕನ್ನಡವು ಅವರ ಪಾಲಿಗೆ ಕೋರ್ಟಿನ, ಗೇಣಿಚೀಟಿಯ, ಸಾಲಪತ್ರದ ಭಾಷೆ, ಎಂದರೆ ಧನಿಯ ಕೈಯಲ್ಲಿದ್ದ ಕಾಗದದ ಭಾಷೆ. ತಂದೆ ಹೆಬ್ಬೆಟ್ಟು ಒತ್ತಿದ ಪತ್ರದಲ್ಲಿ ಏನಿದೆಯೆಂಬುದನ್ನು ಮಗನು ಓದಿ ಹೇಳಬಲ್ಲವನಾದನೆಂದರೆ ಆ ಮನೆಯಲ್ಲಿ ಎಂಥ ಬದಲಾವಣೆಯಾದೀತೆಂಬುದನ್ನು ವಕೀಲರಾಗಿದ್ದ ರಂಗರಾಯರಿಗೆ ಬೇರೆ ಯಾರೂ ತಿಳಿಸಬೇಕಾಗಿರಲಿಲ್ಲ.

ಪ್ರತ್ಯೇಕ ಶಾಲೆಯು ಪ್ರತ್ಯೇಕತೆಯನ್ನೇ ಗಟ್ಟಿಗೊಳಿಸಲಿಲ್ಲವೇ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಧಾರವಾಡದ ಹುಡುಗನು ಕೇಳಿದುದು ಬೇರೊಂದು ಶಾಲೆಯನ್ನಲ್ಲ, ಊರಿನ ಶಾಲೆಯನ್ನೇ. ಅವನ ಬೇಡಿಕೆಗೆ ಚಿಲಿಂಬಿಯು ಉತ್ತರವಾಗಲಾರದು. ಆದರೂ ಸಾಮಾನ್ಯ ಶಾಲೆ ತನ್ನಿಂದ ತಾನೇ ತೆರೆಯುವವರೆಗೆ ಕಾದಿದ್ದರೆ ಒಂದೆರಡು ತಲೆಮಾರುಗಳು ಅಕ್ಷರವಿಲ್ಲದೆಯೇ ಕಳೆದುಹೋಗುತ್ತಿದ್ದವು. ರಂಗರಾಯರು ಈ ಜನರನ್ನು ಶಾಲೆಯ ಗೋಡೆಯೊಳಗೇ ಇರಿಸಲು ಬಯಸಿದವರೂ ಅಲ್ಲ. ಸ್ಥಳೀಯ ಸಂಸ್ಥೆಗಳಲ್ಲಿ ಅವರಿಗೆ ಪ್ರಾತಿನಿಧ್ಯ ಬೇಕೆಂದು ಹೋರಾಡಿದರು. ಅಂಗಾರ ಮಾಸ್ತರರೂ ಗೋವಿಂದ ಮಾಸ್ತರರೂ ಆ ಸಂಸ್ಥೆಗಳಿಗೆ ನಾಮಕರಣ ಹೊಂದಿದುದು ಇದರ ಫಲ.

ಕೊನೆಗಾಲದಲ್ಲಿ ಅವರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದರು. 1928ನೆಯ ಜನವರಿ 30ರಂದು ತೀರಿಕೊಂಡರು. ಮಿಶನಿನ ಹೊಣೆಯನ್ನು ಭಾರತ ಸೇವಕ ಸಮಾಜದವರು ವಹಿಸಿಕೊಂಡರು. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಮಿಶನಿಗೂ ಭೇಟಿಯಿತ್ತರು. ಮಂಗಳೂರಿನ ಪುರಭವನಕ್ಕೆ ಈಗ ರಂಗರಾಯರ ಹೆಸರಿದೆ. ಅವರ ಸಮಾಧಿಯಿರುವುದು ಅತ್ತಾವರದ ಬಾಬುಗುಡ್ಡೆಯಲ್ಲಿ. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಇದೇ ಬೀದಿಯಲ್ಲಿ ವಾಹನದಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಯನ್ನು ಸೋಕಬೇಕೆಂಬುದು ಅವರ ಬಯಕೆಯಾಗಿತ್ತು.