ಜೂಲಿಯಸ್ ಕ್ರುಟ್‌ಶ್ನಿಟ್ ಖನಿಜ ಸಂಶೋಧನಾ ಕೇಂದ್ರ
ಅದಿರು ಸಂಸ್ಕರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಶೋಧನಾವಕಾಶ ಒದಗಿಸುವ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಸ್ಥೆ. ನೆಲೆ ಬ್ರಿಸ್ಬೇನ್ ನಗರದ ಇಂಡೂರೂಪಿಲಿಯ ಹಳೆಯ ಬೆಳ್ಳಿ-ಸೀಸದ ಗಣಿಯ ಆವರಣ. ಗಣಿ ಉದ್ಯಮದ ನೆರವಿನಿಂದ 1962ರಲ್ಲಿ ಆಲ್ಬನ್ ಲಿಂಚ್ ನೇತೃತ್ವದಲ್ಲಿ ತೊಡಗಿದ ಸಂಶೋಧನಾ ಯೋಜನೆ ಇದರ ಮೂಲ. 1970ರಲ್ಲಿ ಸ್ಥಾಪನೆಯಾದ ಕೇಂದ್ರಕ್ಕೆ ಮೌಂಟ್ ಐಸಾ ಗಣಿ ಕಂಪನಿಯ ಅಧ್ಯಕ್ಷರಾಗಿದ್ದ ಕ್ರುಟ್‌ಶ್ನಿಟ್ ಅವರ ಹೆಸರನ್ನಿಡಲಾಯಿತು. ಲಿಂಚ್ ಮೊದಲ ನಿರ್ದೇಶಕರು.

ಪ್ರಯೋಗಾಲಯಕ್ಕೆ ಸೀಮಿತವಾಗದ ಕಲಿಕೆಯೇ ಕೇಂದ್ರದ ಮುಖ್ಯ ವೈಶಿಷ್ಟ್ಯ. ವಿದ್ಯಾರ್ಥಿಗಳು ಗಣಿಗಳಲ್ಲಿದ್ದು, ಚಾಲನೆಯಲ್ಲಿರುವ ಅರೆಯುವ ಗಿರಣಿ ಹಾಗೂ ನೊರೆಗುಳ್ಳೆಗಳ ಮೂಲಕ ಖನಿಜವನ್ನು ಬೇರ್ಪಡಿಸುವ ನೊರೆತೇಲಿಕೆ ತೊಟ್ಟಿಗಳಿಂದ ಮಾದರಿಗಳನ್ನು ತೆಗೆದು, ಆ ಗಿರಣಿ-ತೊಟ್ಟಿಗಳ ಕಾರ್ಯವನ್ನು ಗಣಿತ ಸೂತ್ರಗಳಲ್ಲಿ ನಿರೂಪಿಸುತ್ತಾರೆ. ಬಂಡೆಯೊಳಗೆ ಸಿಕ್ಕಿಕೊಂಡ ಖನಿಜಕಣವನ್ನು ಬಿಡಿಸಲು ಅದಿರನ್ನು ನುಣ್ಣಗೆ ಅರೆಯಬೇಕು. ಸಂಸ್ಕರಣಾ ಘಟಕಗಳ ವಿದ್ಯುತ್ತಿನ ಬಹುಪಾಲು ಸಾಮಾನ್ಯವಾಗಿ ಈ ಅರೆಯುವಿಕೆಯಲ್ಲಿಯೇ ವ್ಯಯವಾಗುತ್ತದೆ. ಆದ್ದರಿಂದ ಅಗತ್ಯಕ್ಕಿಂತ ಹೆಚ್ಚು ಅರೆಯದಿರುವುದು ಸುಸ್ಥಿರತೆಯ ಮೊದಲ ಪ್ರಶ್ನೆ. ಕಲ್ಲಿನ ತುಂಡಿನ ಮೇಲೆ ನಿಗದಿತ ಎತ್ತರದಿಂದ ತೂಕ ಬೀಳಿಸಿ, ಒಡೆಯಲು ತಗಲುವ ಶಕ್ತಿಯನ್ನು ಅಳೆಯುವ ಪರೀಕ್ಷೆಯೂ, ಗಿರಣಿಗಳ ವಿನ್ಯಾಸಕ್ಕೆ ನೆರವಾಗುವ ‘ಜೆಕೆಸಿಮ್‌ಮೆಟ್’ ತಂತ್ರಾಂಶವೂ ಇಲ್ಲಿಯ ಸಂಶೋಧನೆಯ ಫಲ. ಎರಡೂ ಆಸ್ಟ್ರೇಲಿಯದಾಚೆಗೂ ಬಳಕೆಯಲ್ಲಿವೆ. ಇದೇ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಸ್ಥಾಪಿತವಾದ ಸುಸ್ಥಿರ ಖನಿಜ ಸಂಸ್ಥೆಯ ಅಂಗವಾಗಿ ಕೇಂದ್ರ ಸೇರ್ಪಡೆಯಾಯಿತು.