ಸ್ಥಾನಬೆಲೆ ಬೋಧನೆ: ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ

ಪೀಠಿಕೆ

ಕೇವಲ ಹತ್ತು ಅಂಕಿಗಳಿಂದ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಬರೆಯಲು ಸಾಧ್ಯವಾಗಿರುವುದು ಸ್ಥಾನಬೆಲೆಯಿಂದ. 444 ಎಂಬ ಸಂಖ್ಯೆಯಲ್ಲಿ ಒಂದೇ ಅಂಕಿಯು ನಾನೂರು, ನಲವತ್ತು ಮತ್ತು ನಾಲ್ಕು ಎಂಬ ಮೂರು ಬೆಲೆಗಳನ್ನು ಹೊಂದಿರುತ್ತದೆ. ನಾಲ್ಕೂ ಮೂಲಕ್ರಿಯೆಗಳ ಲಿಖಿತ ವಿಧಾನ ಮತ್ತು ದಶಮಾಂಶಗಳು ಈ ತತ್ವವನ್ನೇ ಆಧರಿಸಿವೆ.

ಕೇಂದ್ರ ಶಿಕ್ಷಣ ಸಚಿವಾಲಯವು 2021ರ ಜುಲೈ 5ರಂದು ಆರಂಭಿಸಿದ ನಿಪುಣ ಭಾರತ ಅಭಿಯಾನದ ಗುರಿಯಂತೆ, 3ನೇ ತರಗತಿ ಪೂರ್ಣಗೊಳಿಸುವ ಮಗುವು 9999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು. ಆದರೆ 2024ರ ಪರಖ್ ರಾಷ್ಟ್ರೀಯ ಸರ್ವೇಕ್ಷಣೆಯಲ್ಲಿ, ದೇಶದ 3ನೇ ತರಗತಿಯ ಶೇ. 55ರಷ್ಟು ಮಕ್ಕಳು ಮಾತ್ರ 99ರವರೆಗಿನ ಸಂಖ್ಯೆಗಳನ್ನು ಏರಿಕೆ ಅಥವಾ ಇಳಿಕೆ ಕ್ರಮದಲ್ಲಿ ಜೋಡಿಸಲು ಶಕ್ತರಾಗಿದ್ದರು.

ಸಮಸ್ಯೆಯ ಸ್ವರೂಪ

ಸಂಖ್ಯೆಯನ್ನು ಓದಬಲ್ಲ ಮಗುವಿಗೆ ಸ್ಥಾನಬೆಲೆಯೂ ತಿಳಿದಿದೆ ಎಂದು ಭಾವಿಸಲಾಗದು. ಮಕ್ಕಳಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು ಹೀಗಿವೆ:

1. ನೂರೈದು ಎಂಬುದನ್ನು ಕೇಳಿದಂತೆಯೇ 100 ಮತ್ತು 5 ಎಂದು ಜೋಡಿಸಿ 1005 ಎಂದು ಬರೆಯುವುದು.
2. 16 ಕಡ್ಡಿಗಳನ್ನು ಸರಿಯಾಗಿ ಎಣಿಸಿದರೂ, 16ರಲ್ಲಿನ 1 ಎಷ್ಟು ಕಡ್ಡಿಗಳನ್ನು ಸೂಚಿಸುತ್ತದೆ ಎಂದಾಗ ಒಂದೇ ಕಡ್ಡಿಯನ್ನು ತೋರಿಸುವುದು.
3. 402ರಿಂದ 178ನ್ನು ಕಳೆಯುವಾಗ ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದು 376 ಎಂದು ಉತ್ತರಿಸುವುದು. ಸರಿಯುತ್ತರ 224.

ಇವು ಅಜಾಗರೂಕತೆಯ ತಪ್ಪುಗಳಲ್ಲ. ಪ್ರತಿಯೊಂದರ ಹಿಂದೆಯೂ ಮಗುವಿನದೇ ಆದ ಒಂದು ತರ್ಕವಿರುತ್ತದೆ. ಆ ತರ್ಕವನ್ನು ಗುರುತಿಸುವ ಸಾಮರ್ಥ್ಯವನ್ನು ಶಿಕ್ಷಕರಲ್ಲಿ ಬೆಳೆಸುವುದೇ ತರಬೇತಿಯ ಮುಖ್ಯ ಕಾರ್ಯವಾಗಿದೆ. ತಪ್ಪಿಗೆ ಕೆಂಪು ಗೆರೆ ಹಾಕಿ ಸರಿಯುತ್ತರ ಬರೆಯಿಸಿದರೆ ಆ ಲೆಕ್ಕ ಮಾತ್ರ ಸರಿಯಾಗುತ್ತದೆ, ಗ್ರಹಿಕೆ ಸರಿಯಾಗುವುದಿಲ್ಲ.

ತರಬೇತಿಯಲ್ಲಿ ಒಳಗೊಳ್ಳಬೇಕಾದ ಅಂಶಗಳು

1. ಕಟ್ಟು ಕಟ್ಟುವ ಚಟುವಟಿಕೆ: ಹತ್ತು ಕಡ್ಡಿಗಳಿಗೆ ಒಂದು ಕಟ್ಟು, ಹತ್ತು ಕಟ್ಟುಗಳಿಗೆ ಒಂದು ನೂರು. ಈ ಕಾರ್ಯವನ್ನು ಮಕ್ಕಳೇ ಮಾಡಬೇಕು.
2. ಸಾಮಗ್ರಿಗಳ ಕ್ರಮ: ಕಟ್ಟು ಹಾಗೂ ದಶಮಾನ ಘನಗಳಲ್ಲಿ ಹತ್ತರ ಗಾತ್ರ ಕಣ್ಣಿಗೆ ಕಾಣುತ್ತದೆ. ಮಣಿಕಟ್ಟು ಮತ್ತು ನೋಟುಗಳಲ್ಲಿ ಅದು ಕಾಣದು. ಆದ್ದರಿಂದ ಮೊದಲನೆಯವು ಮೊದಲು ಬರತಕ್ಕದ್ದು. ಗಣಿತ ಕಲಿಕಾ ಆಂದೋಲನದ ಕಿಟ್ ಲಭ್ಯವಿರುವ ಶಾಲೆಗಳಲ್ಲಿ ಅದನ್ನು ಬಳಸಬಹುದಾಗಿದೆ.
3. ಭಾಷೆಯ ನೆರವು: ಇಪ್ಪತ್ತೈದು ಎಂಬ ಪದದಲ್ಲಿ ಬರವಣಿಗೆಯಲ್ಲಿರುವಂತೆಯೇ ಹತ್ತುಗಳು ಮೊದಲು, ಬಿಡಿಗಳು ನಂತರ ಬರುತ್ತವೆ. ಹನ್ನೊಂದು, ಹನ್ನೆರಡು, ಎಂಬತ್ತು, ತೊಂಬತ್ತು ಮುಂತಾದವುಗಳಲ್ಲಿ ಈ ರಚನೆ ಸುಲಭವಾಗಿ ಕೇಳಿಸದು. ಅವುಗಳಿಗೆ ಹೆಚ್ಚಿನ ಅಭ್ಯಾಸ ಅಗತ್ಯ.
4. ಸಾಲ ಎಂಬ ಪದದ ಬಳಕೆ: ವ್ಯವಕಲನದಲ್ಲಿ ಪಕ್ಕದ ಮನೆಯಿಂದ ಸಾಲ ತರುವುದು ಎಂದು ಹೇಳುವುದು ರೂಢಿ. ವಾಸ್ತವವಾಗಿ ಇಲ್ಲಿ ಸಾಲವೂ ಇಲ್ಲ, ಮರುಪಾವತಿಯೂ ಇಲ್ಲ. 402ರಲ್ಲಿ ಒಂದು ನೂರನ್ನು ಬಿಚ್ಚಿದರೆ ಹತ್ತು ಹತ್ತುಗಳು, ಅವುಗಳಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಬಿಡಿಗಳು ದೊರೆಯುತ್ತವೆ. ಆಗ 3 ನೂರು, 9 ಹತ್ತು, 12 ಬಿಡಿಗಳಾಗುತ್ತವೆ; ಒಟ್ಟು ಬೆಲೆ ಬದಲಾಗುವುದಿಲ್ಲ.
5. ಸೊನ್ನೆಯ ಪಾತ್ರ: 402ರಲ್ಲಿನ ಸೊನ್ನೆಯು, ಕಟ್ಟದೆ ಉಳಿದ ಹತ್ತುಗಳಿಲ್ಲವೆಂದು ಸೂಚಿಸಿ ಆ ಸ್ಥಾನವನ್ನು ಕಾಯ್ದಿರಿಸುತ್ತದೆ.

ತರಬೇತಿ ವ್ಯವಸ್ಥೆ

ಸೇವಾಪೂರ್ವ ತರಬೇತಿಯನ್ನು ಎರಡು ವರ್ಷಗಳ ಡಿ.ಇಎಲ್.ಇಡಿ. ಕೋರ್ಸಿನ ಮೂಲಕ ನೀಡಲಾಗುತ್ತದೆ. ಸೇವಾನಿರತ ಶಿಕ್ಷಕರಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಮಾರ್ಗದರ್ಶನದಲ್ಲಿ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ರೂಪುಗೊಂಡ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹಾಗೂ ಕ್ಷೇತ್ರ ಮತ್ತು ಸಮೂಹ ಸಂಪನ್ಮೂಲ ಕೇಂದ್ರಗಳ ಮೂಲಕ ತರಬೇತಿ ನೀಡಲಾಗುತ್ತದೆ. ತರಬೇತಿಯ ನಂತರ ತರಗತಿಯಲ್ಲಿ ಅನುಸರಣೆ ನಡೆಯದಿದ್ದಲ್ಲಿ ಅದರ ಫಲ ಮಕ್ಕಳಿಗೆ ತಲುಪದು.

ಪೋಷಕರಿಗೆ ಮಾಹಿತಿ

1. ಮೇಲೆ ತಿಳಿಸಿದ 16 ಕಡ್ಡಿಗಳ ಪ್ರಶ್ನೆಯನ್ನು ಪೋಷಕರು ಮನೆಯಲ್ಲಿಯೇ ಕೇಳಬಹುದು. ಮಗುವು ಒಂದೇ ಕಡ್ಡಿಯನ್ನು ತೋರಿಸಿದಲ್ಲಿ ಗದರಿಸದೆ, ಹತ್ತರ ಕಟ್ಟು ಕಟ್ಟಿಸಿ ಮತ್ತೊಮ್ಮೆ ಕೇಳುವುದು ಸೂಕ್ತ.
2. ಮಗುವಿನ ಕಲಿಕೆಯ ಬಗ್ಗೆ ತರಗತಿ ಶಿಕ್ಷಕರೊಂದಿಗೆ ಚರ್ಚಿಸಬಹುದು. ಶಾಲೆಗೆ ಸಂಬಂಧಿಸಿದ ಸಾಮಾನ್ಯ ವಿಷಯಗಳನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಗಮನಕ್ಕೆ ತರಬಹುದು.
3. ಸರ್ಕಾರಿ ಶಾಲೆಯ ಶಿಕ್ಷಕರಿಗೆ ನೀಡಲಾದ ತರಬೇತಿಯ ವಿವರ ಅಗತ್ಯವಿದ್ದಲ್ಲಿ, ಮಾಹಿತಿ ಹಕ್ಕು ಅಧಿನಿಯಮ 2005ರಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಿಗದಿತ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.